ಕಂಕಭಟ್ಟನ ಸಂಬಳ

ಪರವೂರಿಗೆ ಹೋಗಿ ಏನು ಕೆಲಸ ಮಾಡಿದರೂ ಊರಿನವರೆದುರು ಹೇಳಿಕೊಳ್ಳಲು ಅದಕ್ಕೊಂದು ಹೆಸರು ಬೇಕು. ಬ್ಯಾಂಕು ಎಂದರೆ ಮುಗಿಯಿತು, ಹೋಟೆಲು ಎಂದರೂ ಅಡ್ಡಿಯಿಲ್ಲ. ಆದರೆ ಮಗ ಗೋವಾದ ಕ್ಯಾಸಿನೊದಲ್ಲಿ ಇಸ್ಪೀಟೆಲೆ ಹಂಚುತ್ತಾನೆ ಎಂದು ಮದುವೆಮನೆಯ ಪಂಕ್ತಿಯಲ್ಲಿ ಕೂತು ಹೇಳುವುದು ಹೇಗೆ?

ಈ ಕಷ್ಟ ವಡೋದರಾದಲ್ಲಿ ನನಗೆ ಪರಿಚಯವಿರುವ ಒಬ್ಬರದು. ಕುಂದಾಪುರದ ಕಡೆಯವರು, ಇಲ್ಲಿಯ ಉಡುಪಿ ಹೋಟೆಲೊಂದರಲ್ಲಿ ಅಡಿಗೆಯ ಮೇಲ್ವಿಚಾರಣೆ ಅವರದು. ಮಗ ಅಹಮದಾಬಾದಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ. ಸೂರತ್ತಿನಲ್ಲಿ ಎರಡು ವರ್ಷ ದುಡಿದ. ಸಂಬಳ ಸಾಲದೆ ಪಣಜಿಗೆ ಹೋದ. ಅವನು ತಿಂಗಳು ತಿಂಗಳು ಕಳಿಸುವ ದುಡ್ಡನ್ನು ತಂದೆ ಬೇರೊಂದು ಖಾತೆಗೆ ಹಾಕಿ, ಮುಟ್ಟದೆ ಇಟ್ಟಿದ್ದರು. ಈಗ ಮಗಳ ಕಾಲೇಜಿನ ಫೀಸು ಕಟ್ಟುವ ಹೊತ್ತು ಬಂದಿದೆ. "ಈ ದುಡ್ಡಲ್ಲಿ ಫೀಸು ಕಟ್ಟಿದ್ರೆ ಪಾಪ ಉಂಟಾ ಮಾರಾಯ್ರೇ? ನೀವು ಬ್ಯಾಂಕಿನವರು, ಹೇಳಿ" ಎಂದರು.

ಪಾಪಪುಣ್ಯದ ಲೆಕ್ಕವನ್ನು ಎಂ.ಕಾಂ.ನಲ್ಲಿ ಕಲಿಸಿರಲಿಲ್ಲ. ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಗುಜರಾತಿನಲ್ಲಿ ಈ ಕೆಲಸ ಸಿಗುವಂತೆಯೇ ಇಲ್ಲ. ಜೂಜನ್ನು ತಡೆಯುವ 1887ರ ಮುಂಬಯಿ ಕಾಯಿದೆಯೇ ಇಲ್ಲಿ ನಡೆದು ಬಂದಿದೆ. ಗೋವಾದ್ದು ಬೇರೆ ದಾರಿ. ಅಲ್ಲಿಯೂ ಜೂಜಿನ ವಿರುದ್ಧ 1976ರ ಕಾಯಿದೆ ಇದೆ. ಆದರೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೂ, 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಗಳಿಗೂ ಬಾಗಿಲು ತೆರೆದರು. ಹಾಗಾಗಿ ಪಣಜಿಯ ಮಾಂಡವಿ ನದಿಯಲ್ಲಿ ದೀಪ ಉರಿಸಿಕೊಂಡು ಹಡಗುಗಳು ನಿಂತಿವೆ. 2020ರಿಂದ ಗೋವಾದವರಿಗೇ ಆಡಲು ಪ್ರವೇಶವಿಲ್ಲ. ಹೊರಗಿನವರು ಬಂದು ಕಳೆದುಕೊಳ್ಳಬಹುದು! ಆಡಲು ಬರುವವರಲ್ಲಿ ಗುಜರಾತಿನವರೂ ಇದ್ದಾರೆ, ನಮ್ಮವರೂ ಇದ್ದಾರೆ.

ಹುಡುಗ ರಜೆಗೆ ಬಂದಾಗ ಕೆಲಸದ ವಿವರ ಕೇಳಿದೆ. ಮೇಜು ಬಿಟ್ಟು ಏಳುವ ಮೊದಲು ಎರಡೂ ಅಂಗೈಗಳನ್ನು ತಿರುಗಿಸಿ ಮೇಲಿನ ಕ್ಯಾಮೆರಾಕ್ಕೆ ತೋರಿಸಬೇಕಂತೆ. ಸ್ವಲ್ಪ ಹೊತ್ತಿಗೊಮ್ಮೆ ಮೇಜು ಬದಲಾಗುತ್ತದೆ. ತಾನು ಮಾತ್ರ ಅಲ್ಲಿ ಆಡುವಂತಿಲ್ಲ. ನನಗೆ ನಮ್ಮ ಕ್ಯಾಶ್ ಕ್ಯಾಬಿನ್ನೇ ನೆನಪಾಯಿತು. ನಾವೂ ಬೆಳಿಗ್ಗೆ ಜೇಬಿನಲ್ಲಿದ್ದ ಸ್ವಂತ ದುಡ್ಡನ್ನು ರಿಜಿಸ್ಟರಿನಲ್ಲಿ ಬರೆದೇ ಒಳಗೆ ಕೂರುತ್ತಿದ್ದೆವು. ಭದ್ರಕೋಣೆಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ. ಪರರ ಹಣ ಎಣಿಸುವವನ ಕೈ ಎಲ್ಲಿಯೂ ಸಂಶಯದ ಕೆಳಗೇ ಇರುತ್ತದೆ.

ಮೋಸವಿಲ್ಲದೆ ಕ್ಯಾಸಿನೊ ಹೇಗೆ ಗೆಲ್ಲುತ್ತದೆ? ರೂಲೆಟ್ ಚಕ್ರವನ್ನೇ ನೋಡಿ. ಅದರಲ್ಲಿ ಸೊನ್ನೆ ಸೇರಿ 37 ಮನೆಗಳು. ಒಂದೊಂದು ಮನೆಗೂ ನೂರು ರೂಪಾಯಿ ಕಟ್ಟಿದರೆ 3,700 ಆಯಿತು. ಗೆದ್ದ ಮನೆಗೆ ಒಂದಕ್ಕೆ 35ರಂತೆ ಕೊಟ್ಟು, ಕಟ್ಟಿದ ನೂರನ್ನೂ ಹಿಂತಿರುಗಿಸುತ್ತಾರೆ, ಒಟ್ಟು 3,600. ಉಳಿದ ನೂರು ಮಾಲೀಕನದು. ನೂರಕ್ಕೆ ಸುಮಾರು 2.7. ಕೈಚಳಕ ಬೇಡ, ಜನ ಬರುತ್ತಾ ಇದ್ದರೆ ಸಾಕು.

ಹಾಗಾದರೆ ಪಾಪ ಯಾರದು? ಶ್ರಾವಣದಲ್ಲಿ ಜನ್ಮಾಷ್ಟಮಿಯ ಸುತ್ತಮುತ್ತ ಗುಜರಾತಿನ ಮನೆ ಮನೆಯಲ್ಲಿ ಎಲೆ ಹಾಕುತ್ತಾರೆ. ಮಂಡ್ಯ, ಹಾಸನದ ಕಡೆ ಯುಗಾದಿಗೆ ಇಸ್ಪೀಟು, ನಮ್ಮ ಕರಾವಳಿಯಲ್ಲಿ ಕೋಳಿ ಅಂಕ. ಅದು ಸಂಪ್ರದಾಯ. 1894ರಲ್ಲೇ ಷೇರು ವಿನಿಮಯ ಕೇಂದ್ರ ಹುಟ್ಟಿದ ಊರು ಅಹಮದಾಬಾದು. ಅಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರದ ದಲ್ಲಾಳಿ ಆಫೀಸಿನ ಹುಡುಗನಿಗೆ ಹೆಣ್ಣು ಕೊಡಲು ಯಾರೂ ಹಿಂಜರಿಯುವುದಿಲ್ಲ. ಅದೇ ವ್ಯವಹಾರದಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಣ್ಣ ಹೂಡಿಕೆದಾರರು ಕಳೆದುಕೊಂಡರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ 2024ರಲ್ಲಿ ಸೆಬಿಯೇ ಹೇಳಿತು. ಅಂದರೆ ನಮ್ಮ ಅಸಹ್ಯ ಇರುವುದು ನಷ್ಟದ ಮೇಲಲ್ಲ, ಇಸ್ಪೀಟೆಲೆಯ ಮೇಲೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅದು ವಕೀಲರ ವಾದವಾಗುತ್ತದೆ. ಪಕ್ಕದ ಮನೆಯವನೂ ಕಳ್ಳ ಎಂದರೆ ನಾನು ಸಾಚಾ ಆಗುವುದಿಲ್ಲವಲ್ಲ.

ನನಗೆ ದಾರಿ ತೋರಿಸಿದವನು ಧರ್ಮರಾಯ. ಅಜ್ಞಾತವಾಸದಲ್ಲಿ ಅವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು? ವಿರಾಟರಾಜನ ಜೊತೆ ಪಗಡೆಯಾಡುವುದು. ಜೂಜಿನಲ್ಲಿ ರಾಜ್ಯ ಕಳೆದವನು ಪರದೇಶದಲ್ಲಿ ಜೂಜಿನ ಉದ್ಯೋಗಿ! ಯಕ್ಷಗಾನ ನೋಡಿ ಬೆಳೆದ ನಮಗೆ ಕಂಕಭಟ್ಟ ಅಪರಿಚಿತನಲ್ಲ. ಆ ಕಾರಣಕ್ಕೆ ಅವನನ್ನು ಯಾರೂ ಧರ್ಮಭ್ರಷ್ಟ ಎಂದಿಲ್ಲ. ಯಾಕೆಂದರೆ ಉತ್ತರ ಗೆದ್ದ ಸುದ್ದಿ ಕೇಳಿ ಉಬ್ಬಿದ ವಿರಾಟ ಆಟಕ್ಕೆ ಕರೆದಾಗ ಕಂಕ ಮೊದಲು ಬೇಡವೆನ್ನುತ್ತಾನೆ, ಜೂಜಿನ ಕೇಡನ್ನು ಹೇಳುತ್ತಾನೆ, ಯುಧಿಷ್ಠಿರ ಹಾಳಾದದ್ದನ್ನೇ ಉದಾಹರಣೆ ಕೊಡುತ್ತಾನೆ. ಆಮೇಲೆ ಆಟದ ನಡುವೆ ಗೆಲುವು ಬೃಹನ್ನಳೆಯಿಂದ ಬಂದದ್ದು ಎಂದದ್ದಕ್ಕೆ ರಾಜ ದಾಳವನ್ನು ಮುಖಕ್ಕೆ ಎಸೆಯುತ್ತಾನೆ, ರಕ್ತ ಸುರಿಯುತ್ತದೆ. ಕೈ ದಾಳ ಹಾಕುತ್ತಿತ್ತು, ಬಾಯಿ ಮಾತ್ರ ಮಾರಾಟವಾಗಿರಲಿಲ್ಲ.

ಒಂದು ಕೆಲಸವನ್ನು ಅಳೆಯಲು ನನಗೆ ಈ ಅಳತೆಗೋಲು ಸಾಕು. ಎದುರಿಗಿದ್ದವನು ಹಾಳಾಗುವುದನ್ನು ಕಂಡಾಗ "ಸಾಕು" ಎನ್ನಲು ಅಲ್ಲಿ ಜಾಗವಿದೆಯೇ? ರೈತನಿಗೆ "ಇಷ್ಟು ಸಾಲ ಬೇಡ, ಮಳೆ ನೋಡಿಕೊಂಡು ಬನ್ನಿ" ಎಂದು ಕೌಂಟರಿನ ಈಚೆಯಿಂದ ನಾನು ಹೇಳಿದ್ದುಂಟು. ಕ್ಯಾಸಿನೊದ ಹುಡುಗ ಹೇಳುವಂತಿಲ್ಲ. "ಒಬ್ಬ ಅಂಕಲ್ ರಾತ್ರಿಯಿಡೀ ಸೋತ್ರು. ಬೆಳಗಿನ ಜಾವ ಫೋನಲ್ಲಿ ಹೆಂಡತಿಗೆ ಸುಳ್ಳು ಹೇಳ್ತಾ ಇದ್ರು. ನಾನು ನಗ್ತಾ ಎಲೆ ಹಾಕ್ದೆ, ಮಾವ" ಎಂದ ಅವನು. ಸಂಬಳದಲ್ಲಿ ಆ ನಗುವಿನ ಬೆಲೆಯೂ ಸೇರಿದೆ. ಅದು ಹುಡುಗ ಮಾಡಿದ ಪಾಪವಲ್ಲ, ಹುಡುಗನಿಂದ ಕಿತ್ತುಕೊಂಡದ್ದು. ಬಾಯಿಗೆ ಬೀಗ ಹಾಕುವ ಉದ್ಯೋಗಗಳು ಬೇರೆಯೂ ಇವೆ. ಅವಕ್ಕೆಲ್ಲ ಇದೇ ಮಾತು ಸಲ್ಲುತ್ತದೆ.

ತಂದೆಗೆ ಹೇಳಿದೆ: "ಫೀಸು ಕಟ್ಟಿ. ಅದು ರಾತ್ರಿ ನಿದ್ದೆಗೆಟ್ಟು ನಿಂತ ಕಾಲಿನ ಕೂಲಿ, ಗೆದ್ದ ದುಡ್ಡಲ್ಲ. ದುಡ್ಡನ್ನು ಮೈಲಿಗೆ ಮಾಡಿ ಬೇರೆ ಖಾತೆಯಲ್ಲಿಟ್ಟರೆ ಮಗನನ್ನೇ ಹೊರಗಿಟ್ಟ ಹಾಗೆ. ಅವನು ಫೋನ್ ಮಾಡಿದಾಗ ಎಷ್ಟು ಕಳಿಸ್ತೀಯ ಅಂತ ಕೇಳಬೇಡಿ. ನಿನ್ನೆ ಯಾರು ಸೋತರು, ನಿನಗೆ ಏನನಿಸಿತು ಅಂತ ಕೇಳಿ. ಏನೂ ಅನಿಸಲಿಲ್ಲ ಎಂದ ದಿನ ಊರಿಗೆ ಕರೆಸಿಕೊಳ್ಳಿ."

ಅವರು ತಲೆದೂಗಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮಾರನೆಯ ದಿನ ಫೀಸು ಕಟ್ಟಿದ ರಸೀದಿಯನ್ನು ಮಗನಿಗೆ ಕಳಿಸಿದರಂತೆ. ಆ ಖಾತೆಗೆ ಹುಡುಗ ಹಣ ಹಾಕಲು ತೊಡಗಿದ ಮೇಲೆ ಮನೆಯಿಂದ ಅವನಿಗೆ ಹೋದ ಮೊದಲ ರಸೀದಿ ಅದು.