ಆದಿರಂಗನಲ್ಲಿ ಒಂದು ಅರಿಕೆ

ಆದಿರಂಗ, ಶ್ರೀರಂಗಪಟ್ಟಣದ ನಿನ್ನ ಬಾಗಿಲಿಗೆ ಬಂದಿದ್ದೇನೆ. ಹಾವಿನ ಮೈಮೇಲೆ ಮಲಗಿದ್ದೀ. ಪಾದದ ಬಳಿ ಕಾವೇರಮ್ಮ ಕೂತಿದ್ದಾಳೆ. ನಾನು ಹೇಳಬೇಕಾದ್ದು ಒಂದು ಕೋಳಿ ಪಿಳ್ಳೆಯ ಮಾತು. ಇಷ್ಟು ಸಣ್ಣದನ್ನು ಇನ್ನಾರು ಕೇಳಿಯಾರು, ತಂದೆ?

ಬೆಂಗಳೂರಲ್ಲಿ ಮಗ ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕಿದ್ದಾನೆ. ನಮ್ಮ ಹೊಲದ ಕೇರೆಯಲ್ಲ, ನಾಗರವಲ್ಲ; ಅವನ್ನು ಮನೆಯಲ್ಲಿಡಲು 1972ರ ಕಾಯ್ದೆ ಬಿಡದು. ಇದು ಆಫ್ರಿಕಾ ಮೂಲದ ಬಾಲ್ ಪೈಥಾನ್. ಹೆದರಿದರೆ ಉಂಡೆಯಾಗಿ ತಲೆ ಹುದುಗಿಸಿಕೊಳ್ಳುವ ಸಾಧು ಜೀವ. 'ಅಪ್ಪ, ಬರುವಾಗ ಒಂದು ಪಿಳ್ಳೆ ತಾ' ಅಂದ. ಕೆ.ಆರ್. ಪೇಟೆ ಸಂತೆಯಲ್ಲಿ ಕೊಂಡೆ. ಯಾತಕ್ಕೆಂದು ಗೊತ್ತಿದ್ದೇ ಕೊಂಡೆ. ಬಸ್ಸಿನುದ್ದಕ್ಕೂ ಚೀಲದಲ್ಲಿ ಚಿಂವ್‌ಗುಟ್ಟುತ್ತಿತ್ತು. ಆ ತಪ್ಪು ನನ್ನದು. ಹಾವಿನ ತಲೆಗೆ ಕಟ್ಟಬೇಡ.

ಪೆಟ್ಟಿಗೆಯೊಳಗೆ ಬಿಟ್ಟೆವು. ಹಾವಿಗೆ ಪೊರೆ ಬಿಡುವ ಹೊತ್ತು. ಕಣ್ಣಿಗೆ ಮಂಜು ಕವಿದಿತ್ತು, ಹಸಿವಿರಲಿಲ್ಲ. ಪಿಳ್ಳೆ ಮೂಲೆಯಿಂದ ಮೂಲೆಗೆ ಓಡಿತು. ಗಾಜನ್ನು ಕೊಕ್ಕಿನಿಂದ ಕುಟ್ಟಿತು. ಕೊನೆಗೆ ಸೋತು, ಒರಗಲು ಬೇರೇನೂ ಕಾಣದೆ, ಆ ಹಾವಿನ ಸುರುಳಿಗೇ ಮೈ ಆನಿಸಿ ಕಣ್ಣು ಮುಚ್ಚಿತು.

ರಂಗ, ನೀನೇ ಕಂಡೆ. ಕೈ ಹಾಕಿ ಎತ್ತಿಕೊಂಡೆ. ಅಂಗೈಯೆಲ್ಲ ಅದರ ಎದೆಬಡಿತ.

ಹಾವಿನ ಹಸಿವು ನೀನು ಕೊಟ್ಟದ್ದು, ದೂರುವುದಿಲ್ಲ. ಸಲೀಂ ಅಲಿಯವರ ಮಾತಿಗೆ ಓಗೊಟ್ಟು ಮೈಸೂರು ಅರಸರು 1940ರಲ್ಲಿ ಹಕ್ಕಿಗಳಿಗೆಂದೇ ಕಾದಿರಿಸಿದ ರಂಗನತಿಟ್ಟಿನಲ್ಲೂ ಸಾವಿದೆ. ಆದರೆ ಅಲ್ಲಿ ಹಕ್ಕಿಗೆ ಆಕಾಶವಿದೆ. ನಾಗಮಂಗಲ ಸೀಮೆಯ ಆದಿಚುಂಚನಗಿರಿಯಲ್ಲಿ ನವಿಲೇ ಹಾವನ್ನು ಕುಕ್ಕೀತು. ಹಾವಿಗೂ ಒಂದು ಬಿಲವಿದೆ. ನಾವು ಇಬ್ಬರ ದಾರಿಯನ್ನೂ ಮುಚ್ಚಿ, ನಿಂತು ನೋಡಿದೆವು. ಕ್ಷಮಿಸು. ಶೇಷನ ಮೇಲೆ ಮಲಗುವವನೂ ನೀನೇ, ಪಾಂಡವಪುರದಾಚೆ ಮೇಲುಕೋಟೆಯಲ್ಲಿ ವೈರಮುಡಿ ತೊಟ್ಟು ಗರುಡನನ್ನೇರಿ ಬರುವವನೂ ನೀನೇ. ಇಬ್ಬರೂ ನಿನ್ನವರೆಂಬುದನ್ನು ನಾನು ಮರೆತಿದ್ದೆ.

ಅವ್ವ ಹುತ್ತಕ್ಕೆ ತನಿ ಎರೆಯುತ್ತಿದ್ದಳು. ಹಾಲು ಸುರಿದು ಮೊಟ್ಟೆ ಇಡುವಳು. ಹಾಲು ಹಾವಿನ ಆಹಾರವಲ್ಲವೆಂದು ಆಮೇಲೆ ತಿಳಿಯಿತು. ಆದರೂ ಇಡುವಾಗ ಅವಳ ಕೈ ನಡುಗುತ್ತಿತ್ತು. ಆ ನಡುಕವನ್ನು ನನ್ನ ಕೈಗೂ ಕೊಡು.

ಮಗನ ಮನಸ್ಸು ಕರಗಿಸಿದ್ದಕ್ಕೆ ನಿನಗೆ ಶರಣು. ಈಗ ಫ್ರೀಜರಿನ ಸತ್ತ ಇಲಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿಯುತ್ತಾನೆ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುವುದುಂಟು. ಇದರಿಂದ ಹಾವಿಗೂ ಕ್ಷೇಮ. ಮೊದಲ ಸಲ ಮೂತಿ ತಿರುಗಿಸಿತು. ಮೂರನೆಯ ಸಲ ತೆಗೆದುಕೊಂಡಿತು. ಇಲಿಯದೂ ಜೀವವೇ, ಸ್ವಾಮಿ. ಅದರ ಲೆಕ್ಕ ನನ್ನಿಂದ ಹರಿಯದು, ನಿನ್ನ ಪಾದದಲ್ಲಿಟ್ಟಿದ್ದೇನೆ.

ಪಿಳ್ಳೆಯನ್ನು ಊರಿಗೆ ತಂದೆ. ಮಕ್ರಿಯ ಕೆಳಗೆ ನಮ್ಮ ಹೇಟೆಯ ಜೊತೆ ಬಿಟ್ಟಿದ್ದೇನೆ. ಕತ್ತಲಾದರೆ ಅವಳ ರೆಕ್ಕೆಯೊಳಗೆ ನುಸುಳಲು ನೋಡುತ್ತದೆ. ಅವಳಿನ್ನೂ ಕುಕ್ಕಿ ದೂಡುತ್ತಾಳೆ. ಇವತ್ತು ಚಳಿ ಜಾಸ್ತಿ, ರಂಗ. ಒಂದು ರಾತ್ರಿ ಸೇರಿಸಿಕೊಳ್ಳುವಂತೆ ಅವಳಿಗೆ ಹೇಳು.