ಸುತ್ತು, ಸಂಕಲ್ಪ ಮತ್ತು ತಪಸ್ಸು

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಸುತ್ತಲಿನ ಸೀಮೆಗೆ ದೇಹವನ್ನು ದಣಿಸಿ ದೂರ ಸವೆಸುವುದು ಹೊಸದಲ್ಲ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕವನ್ನು, ಎಂದರೆ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಭವಿಷ್ಯವಾಣಿಯನ್ನು, ಕೇಳಲು ಜನರು ನಡೆದೂ ಬಂಡಿ ಕಟ್ಟಿಕೊಂಡೂ ಮೈಲಾರಕ್ಕೆ ಬಂದು ಬಯಲಲ್ಲೇ ಬೀಡುಬಿಡುತ್ತಾರೆ. ವಾರಾಂತ್ಯದಲ್ಲಿ ಡೇರೆ ಹೂಡಿ, ಕಾಡುದಾರಿಯ ಒಂದೇ ಸುತ್ತನ್ನು ತಾವು ಆಯ್ದ ದೂರ ತುಂಬುವವರೆಗೆ ಮತ್ತೆ ಮತ್ತೆ ಓಡುವ ಅಲ್ಟ್ರಾ ಓಟವನ್ನು, ಎಂದರೆ ಮ್ಯಾರಥಾನಿನ 42.195 ಕಿ.ಮೀ.ಗಿಂತ ದೀರ್ಘವಾದ ಓಟವನ್ನು, ಈ ಯಾತ್ರೆಯಂತೆಯೇ ತಪಸ್ಸೆಂದು ಕರೆಯಬಹುದೇ?

ಭಗವದ್ಗೀತೆಯ 17ನೆಯ ಅಧ್ಯಾಯವು ಫಲಾಪೇಕ್ಷೆಯಿಲ್ಲದ ತಪಸ್ಸನ್ನು ಸಾತ್ತ್ವಿಕವೆಂದೂ, ಮನ್ನಣೆಗಾಗಿ ಮಾಡಿದ್ದನ್ನು ರಾಜಸವೆಂದೂ, ಮೂಢ ಹಠದಿಂದ ತನ್ನನ್ನೇ ಪೀಡಿಸಿಕೊಳ್ಳುವುದನ್ನು ತಾಮಸವೆಂದೂ ವಿಂಗಡಿಸುತ್ತದೆ. ಪದಕಕ್ಕಾಗಿ ಓಡುವವನು ರಾಜಸನೆಂದು ತೀರ್ಪು ಕೊಡುವುದು ಸುಲಭ. ಆದರೆ ಬೆಳೆಗಾಗಿ, ಸಂತಾನಕ್ಕಾಗಿ ಹರಕೆ ಹೊತ್ತು ನಡೆಯುವ ಭಕ್ತನೂ ಫಲವನ್ನು ಬಯಸಿಯೇ ಹೊರಟವನೆಂಬುದನ್ನು ಇಂಥ ತೀರ್ಪುಗಾರರು ಮರೆಯುತ್ತಾರೆ.

ನಿಜವಾದ ಅಂತರವಿರುವುದು ದಾರಿಯ ಆಕಾರದಲ್ಲಿ. ಮೈಲಾರದ ಹಾದಿಯಲ್ಲಿ ಅರ್ಧ ನಡೆದವನಿಗೆ ಹಿಂದಿರುಗುವುದೂ ಮುಂದುವರಿಯುವಷ್ಟೇ ಕಷ್ಟವಾದ್ದರಿಂದ ದಾರಿಯೇ ಅವನ ಸಂಕಲ್ಪವನ್ನು, ಎಂದರೆ ಮುಂಚಿತವಾಗಿ ಕೈಗೊಂಡ ನಿಶ್ಚಯವನ್ನು, ಕಾಯುತ್ತದೆ. ಸುತ್ತಿನ ಓಟದಲ್ಲಾದರೋ ಪ್ರತಿ ಸುತ್ತೂ ಓಟಗಾರನನ್ನು ಅವನ ಡೇರೆ, ಊಟ, ಹಾಸಿಗೆಗಳ ಎದುರಿಗೇ ತಂದು ನಿಲ್ಲಿಸುವುದರಿಂದ ಅವನು ಅದೇ ನಿಶ್ಚಯವನ್ನು ಪ್ರತಿ ಬಾರಿಯೂ ಹೊಸದಾಗಿ ಕೈಗೊಳ್ಳಬೇಕಾಗುತ್ತದೆ. ದೇವಾಲಯದ ಪ್ರದಕ್ಷಿಣೆಯೂ ಹೊರಟಲ್ಲಿಗೇ ಮರಳುತ್ತದಾದರೂ ಅದರ ನಡುವೆ ಗರ್ಭಗುಡಿಯಿದೆ, ಮತ್ತು ತೀರಿಸದ ಹರಕೆ ದೇವರಿಗೆ ಉಳಿದ ಸಾಲವಾಗುತ್ತದೆ. ನಡುವೆಯೇ ನಿಲ್ಲಿಸಿದ ಓಟಕ್ಕೆ ಅಂಥ ಸಾಲವನ್ನು ಕೇಳುವ ಧಣಿಯಿಲ್ಲವಾದ್ದರಿಂದ, ಅಲ್ಲಿ ಸಂಕಲ್ಪಕ್ಕೆ ಸಾಕ್ಷಿಯಾಗಿ ಉಳಿಯುವವನು ಓಡಿದವನೊಬ್ಬನೇ.