ಹಾಡು ಗೆದ್ದರೆ ಹಾಡಿದವರು ಗೆದ್ದಂತೆಯೆ?

ತುಳಿಸಿಕೊಂಡವರ ಹಾಡನ್ನು ತುಳಿದವರೇ ತಲೆಮೇಲೆ ಹೊತ್ತು ಮೆರೆಸಿದರೆ ಅದನ್ನ ನ್ಯಾಯ ಅನ್ನೋಣವೆ? ಅರ್ಜೆಂಟೀನಾದ ಟ್ಯಾಂಗೋ ಸಂಗೀತ ಕೇಳುವಾಗೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಟ್ಯಾಂಗೋ ಅರಮನೆಯಲ್ಲಿ ಹುಟ್ಟಿದ್ದಲ್ಲ. 19ನೇ ಶತಮಾನದ ಕೊನೆಗೆ ಬ್ಯೂನಸ್ ಐರಿಸ್, ಮಾಂಟೆವಿಡಿಯೋ ಬಂದರುಗಳ ಬಡ ಕೇರಿಗಳಲ್ಲಿ ಹುಟ್ಟಿತು. ಗುಲಾಮರಾಗಿ ಬಂದ ಆಫ್ರಿಕನ್ನರ ಮಕ್ಕಳುಮರಿ, ಹೊಟ್ಟೆಪಾಡಿಗೆ ಹಡಗು ಹತ್ತಿದ ಇಟಲಿ, ಸ್ಪೇನಿನ ಬಡವರು ಅಲ್ಲಿ ಕಲೆತರು. ಕೋಣೆಗೊಂದು ಸಂಸಾರ ತುಂಬಿದ್ದ ವಠಾರಗಳಲ್ಲಿ ಬದುಕಿದರು. 1907ರಲ್ಲಿ ಬ್ಯೂನಸ್ ಐರಿಸ್‌ನ ಇಂಥ ವಠಾರದವರೇ ಬಾಡಿಗೆ ಕೊಡೋದಿಲ್ಲ ಅಂತ ಮುಷ್ಕರ ಹೂಡಿದರು. ಹೆಂಗಸರು ಪೊರಕೆ ಹಿಡಿದು ಬೀದಿಗಿಳಿದರು. ಇಂಥವರ ಕುಣಿತ ಊರಿನ ಸಿರಿವಂತರಿಗೆ ಮೈಲಿಗೆಯಾಗಿತ್ತು. 1913ರ ಹೊತ್ತಿಗೆ ಪ್ಯಾರಿಸ್ಸಿನ ದೊಡ್ಡವರು ಅದಕ್ಕೆ ಮರುಳಾದದ್ದೇ ತಡ, ಇವರಿಗೂ ಅದು ಹೆಮ್ಮೆಯಾಯಿತು! ಆದರೆ ವಠಾರದವರ ಬಾಡಿಗೆ ಇಳಿಯಿತೆ?

ಟ್ಯಾಂಗೋದ ಉಸಿರು ಬಾಂಡೋನಿಯನ್ ಎಂಬ ವಾದ್ಯ. 1840ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡು, ಹೈನ್ರಿಕ್ ಬಾಂಡ್ ಎಂಬ ವಾದ್ಯ ವ್ಯಾಪಾರಿಯ ಹೆಸರು ಹೊತ್ತಿತು. ನಮ್ಮ ಕಂಪನಿ ನಾಟಕದ ಹಾರ್ಮೋನಿಯಂಗೆ ಇದು ದಾಯಾದಿ: ಎರಡರಲ್ಲೂ ತಿದಿಯ ಗಾಳಿಗೆ ಲೋಹದ ನಾಲಗೆ ನಡುಗಿ ಸ್ವರ ಹುಟ್ಟುತ್ತೆ. ಟ್ಯಾಂಗೋದವರ ಬಾಂಡೋನಿಯನ್ನಿಗೆ 71 ಗುಂಡಿ. ಹೆಚ್ಚಿನ ಗುಂಡಿಗಳು ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು ಸ್ವರ ಕೊಡುತ್ತವೆ. ಧ್ವನಿಮುದ್ರಿಕೆಯಲ್ಲಿ ನಮಗೆ ಸಿಗೋದು ಅದರ ಗೋಳು, ಸೊಗಸು. ಎದುರು ಕೂತು ಕೇಳಿದಾಗ ದುಡಿಮೆಯೂ ಕಾಣುತ್ತೆ: ತೊಡೆಯ ಮೇಲೆ ತಿದಿ ಬಾಯ್ಬಿಡೋದು, ಗುಂಡಿಗಳ ಟಕಟಕ, ನುಡಿಸುವವನ ಬೆವರು. ಮುದ್ರಿಕೆ ಸ್ವರವನ್ನ ಉಳಿಸುತ್ತೆ, ದುಡಿದವನನ್ನ ಮರೆಮಾಡುತ್ತೆ.

ದೇಶವೂ ಹಾಗೇ ಮರೆಮಾಡುತ್ತದೆ. 1778ರ ಗಣತಿಯಲ್ಲಿ ಬ್ಯೂನಸ್ ಐರಿಸ್‌ನ ನೂರಕ್ಕೆ ಸುಮಾರು 30 ಜನ ಆಫ್ರಿಕನ್ ಮೂಲದವರು. ಮುಂದೆ ಅರ್ಜೆಂಟೀನಾ ತಾನು ಬಿಳಿಯರ ನಾಡು ಅಂತ ಹೇಳಿಕೊಂಡಿತು. 1897ರಲ್ಲಿ 'ಎಲ್ ಎಂತ್ರೆರಿಯಾನೋ' ಟ್ಯಾಂಗೋ ಕಟ್ಟಿದ ರೋಸೆಂದೋ ಮೆಂಡಿಸಾಬಾಲ್ ಕಪ್ಪುಜನರ ಕುಡಿ. ಹಾಡು ಉಳಿಯಿತು. ಆ ಜನ ಎಲ್ಲಿ ಅಂತ ಕೇಳಿದವರು ಎಷ್ಟು ಮಂದಿ?

ಇದಕ್ಕೆ ಉತ್ತರವನ್ನ ಬದುಕಿ ತೋರಿಸಿದವರಲ್ಲಿ ಓಸ್ವಾಲ್ಡೋ ಪುಗ್ಲಿಯೆಸೆ (1905–1995) ಒಬ್ಬರು. ಪಿಯಾನೋ ವಾದಕ, ಕಮ್ಯುನಿಸ್ಟ್. ತಮ್ಮ ವಾದ್ಯತಂಡವನ್ನು ಸಹಕಾರಿ ಸಂಘದಂತೆ ನಡೆಸಿದರು. ಯಜಮಾನ-ಕೂಲಿ ಲೆಕ್ಕವಿಲ್ಲ, ಗಳಿಕೆಯಲ್ಲಿ ಎಲ್ಲರಿಗೂ ಪಾಲು. ಸರ್ಕಾರ ಅವರನ್ನು ಜೈಲಿಗೆ ಹಾಕಿದಾಗ ತಂಡ ಅವರಿಲ್ಲದೆಯೇ ನುಡಿಸಿತು. ಪಿಯಾನೋ ಮೇಲೆ ಒಂದು ಕೆಂಪು ಕಾರ್ನೇಷನ್ ಹೂವಿಟ್ಟಿತು. ಎದುರಿಗಿದ್ದವರಿಗೆಲ್ಲ ಅರ್ಥವಾಯಿತು. ಆ ಹೂವು ಯಾವ ಮುದ್ರಿಕೆಯಲ್ಲೂ ಕೇಳಿಸದು.

1985ರಲ್ಲಿ ಇದೇ ಪುಗ್ಲಿಯೆಸೆ ಉಳ್ಳವರ ಸಂಗೀತದ ಗುಡಿಯಾದ ಕೋಲೋನ್ ರಂಗಮಂದಿರದಲ್ಲಿ ನುಡಿಸಿದರು. 2009ರಲ್ಲಿ ಟ್ಯಾಂಗೋ ಯುನೆಸ್ಕೋ ಪರಂಪರೆಯ ಪಟ್ಟಿ ಸೇರಿತು. ಗೌರವ ಬೇಡ ಅನ್ನೋರು ನಾವಲ್ಲ. ಆದರೆ ಹಾಡಿಗೆ ಹಾರ ಹಾಕಿ, ಹಾಡಿದವರ ಹೆಸರು, ಹೊಟ್ಟೆ ಎರಡನ್ನೂ ಮರೆಯುವ ಗೌರವ ಕಳ್ಳತನದ ಇನ್ನೊಂದು ಹೆಸರು. ತಲೆದೂಗುವ ಮುಂಚೆ ನಾವು ಎರಡು ಮಾತು ಕೇಳಲೇಬೇಕು: ಈ ವೇದಿಕೆಯ ಮೇಲೆ ಯಾರಿಲ್ಲ? ಬಂದ ದುಡ್ಡು ಯಾರ ಪಾಲಾಯಿತು?